ಹೊಸ ಪ್ರೆಶರ್ ವಾಷರ್ ಕೊಳ್ಳುವ ಮೊದಲು: ಬಾವಿ, ಕರೆಂಟು, ಆಮೇಲೆ ಮೆಷಿನ್

ಶನಿವಾರ, ಭಾನುವಾರ ಕಾರು ತೊಳೆದು ಪಾಲಿಶ್ ಮಾಡುವ ಕೆಲಸ ಇಟ್ಟುಕೊಂಡವರಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಹಳೆಯ ಮೆಷಿನ್ ಕೈಕೊಟ್ಟ ರಾತ್ರಿಯೇ ಮೊಬೈಲಿನಲ್ಲಿ ಹುಡುಕಿ, ಎಲ್ಲಕ್ಕಿಂತ ಹೆಚ್ಚು ಬಾರ್ (ನೀರಿನ ಒತ್ತಡದ ಅಳತೆ) ಬರೆದಿರುವ ಡಬ್ಬಿಯನ್ನು ತರಿಸುತ್ತಾರೆ. ಅದೂ ಇನ್ನೊಂದು ಮಳೆಗಾಲ ದಾಟುವುದರೊಳಗೆ ಹಳೆಯದರ ಪಕ್ಕ ಹೋಗಿ ಕೂರುತ್ತದೆ. ಮೆಷಿನ್ ಕೆಟ್ಟದ್ದಿತ್ತು ಎಂದು ಎಲ್ಲರೂ ಹೇಳುತ್ತಾರೆ. ಬಹಳಷ್ಟು ಸಲ ಮೆಷಿನ್ ಸರಿಯಾಗಿಯೇ ಇರುತ್ತದೆ, ಅದಕ್ಕೆ ಸಿಕ್ಕ ನೀರು ಮತ್ತು ಕರೆಂಟು ಸರಿ ಇರುವುದಿಲ್ಲ. ಕಾರವಾರದಿಂದ ಭಟ್ಕಳದವರೆಗೆ ಉಪ್ಪು ಗಾಳಿ, ಬೇಸಿಗೆಯಲ್ಲಿ ಸಪ್ಪೆಯಿಂದ ಉಪ್ಪಿಗೆ ತಿರುಗುವ ಬಾವಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೆಂಪು ಕೆಸರು, ಸಂಜೆಯಾದರೆ ಇಳಿಯುವ ವೋಲ್ಟೇಜ್. ಡಬ್ಬಿಯ ಮೇಲಿನ ಯಾವ ಅಂಕಿಯೂ ಇವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಹೀಗಾಗಿ ಇಲ್ಲಿ ಕೊಟ್ಟಿರುವ ಕ್ರಮ ಅಂಗಡಿಯ ಕ್ರಮಕ್ಕೆ ತಿರುಗುಮುರುಗು. ಮೊದಲ ನಾಲ್ಕು ಹಂತಗಳು ನಿಮ್ಮ ಅಂಗಳದಲ್ಲೇ ಮುಗಿಯುತ್ತವೆ. ಅವುಗಳನ್ನು ಬಿಟ್ಟು ಐದನೆಯದಕ್ಕೆ ಹಾರಬೇಡಿ.

ಕೈಯಲ್ಲಿ ಇರಬೇಕಾದ್ದು ಹೆಚ್ಚೇನಿಲ್ಲ: ಅಳತೆ ಗೊತ್ತಿರುವ 20 ಲೀಟರಿನ ಬಕೆಟ್, ಮೊಬೈಲಿನ ಸ್ಟಾಪ್‌ವಾಚ್, ಒಂದು ಮಲ್ಟಿಮೀಟರ್, ನೀರಿನಲ್ಲಿ ಕರಗಿದ ಲವಣ ಅಳೆಯುವ ಪೆನ್ನಿನಂಥ ಟಿಡಿಎಸ್ ಮೀಟರ್, ಅಳತೆ ಟೇಪು, ತೆಳುವಾದ ಉಕ್ಕಿನ ಸೂಜಿ, ಒಂದು ನೋಟ್‌ಬುಕ್. ಮಲ್ಟಿಮೀಟರ್ ಹಿಡಿದು ರೂಢಿ ಇಲ್ಲದವರು ಆ ಒಂದು ಅಳತೆಯನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ.

ಹಂತ 1: ಹಳೆಯದು ನಿಜಕ್ಕೂ ಮುಗಿದಿದೆಯೇ?

ಮೋಟರ್ ತಿರುಗುತ್ತಿದೆ, ಆದರೆ ನೀರಿಗೆ ಜೋರಿಲ್ಲ ಎಂದಾದರೆ ಪಂಪ್ ಹೋಯಿತು ಎಂದು ತೀರ್ಮಾನಿಸಬೇಡಿ. ನೀರು ಒಳಹೋಗುವ ಬಾಯಿಯ ಜಾಲರಿ ತೆಗೆದು ನೋಡಿ. ಕೆಂಪು ಮಣ್ಣು ಕಟ್ಟಿಕೊಂಡಿದ್ದರೆ ಅಲ್ಲಿಗೇ ಅರ್ಧ ಉತ್ತರ ಸಿಕ್ಕಿತು. ಆಮೇಲೆ ಗನ್ನಿನ ತುದಿಯ ನಾಜಲ್ ಬಿಚ್ಚಿ ಬೆಳಕಿಗೆ ಹಿಡಿಯಿರಿ, ಸೂಜಿಯಿಂದ ಮೆಲ್ಲಗೆ ಚುಚ್ಚಿ, ಹಿಂದಿನಿಂದ ನೀರು ಬಿಟ್ಟು ತೊಳೆಯಿರಿ.

ನಾಜಲ್ ಸವೆಯುತ್ತದೆ ಎಂಬುದು ಬಹಳ ಮಂದಿಯ ಗಮನಕ್ಕೆ ಬರುವುದಿಲ್ಲ. ಮರಳು ಬೆರೆತ ನೀರು ಆ ಚಿಕ್ಕ ತೂತನ್ನು ದಿನದಿನಕ್ಕೆ ಉಜ್ಜಿ ದೊಡ್ಡದು ಮಾಡುತ್ತದೆ. ಪಂಪು ತಳ್ಳುವ ನೀರು ಅಷ್ಟೇ ಇರುವಾಗ ತೂತಿನ ವ್ಯಾಸ ನೂರಕ್ಕೆ 10ರಷ್ಟು ಹೆಚ್ಚಾದರೆ ಸಾಕು, ಒತ್ತಡ ಸುಮಾರು ಮೂರನೇ ಒಂದು ಪಾಲು ಬಿದ್ದುಹೋಗುತ್ತದೆ. 100 ಬಾರ್ ಕೊಡುತ್ತಿದ್ದ ಮೆಷಿನ್ 68ರ ಆಸುಪಾಸಿಗೆ ಇಳಿದಿರುತ್ತದೆ. ಒಂದು ಹೊಸ ನಾಜಲ್ ಹಾಕಿ ನೋಡದೆ ಹೊಸ ಮೆಷಿನ್ ಕೊಂಡವರು ಬಹಳ ಜನ.

ಸ್ವಿಚ್ ಹಾಕಿದರೆ ಹೂಂ ಎನ್ನುತ್ತದೆ, ತಿರುಗುವುದಿಲ್ಲ ಎಂದರೆ ಕೂಡಲೇ ಆರಿಸಿ. ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. ಇಂಡಕ್ಷನ್ ಮೋಟರಿನಲ್ಲಿ (ಕಾರ್ಬನ್ ಇಲ್ಲದ, ಭಾರದ ಮೋಟರ್) ಇದಕ್ಕೆ ಮೂರು ಕಾರಣ: ಶುರುವಿಗೆ ಬಲ ಕೊಡುವ ಕೆಪಾಸಿಟರ್ ದುರ್ಬಲವಾಗಿದೆ, ವೋಲ್ಟೇಜ್ ಸಾಲುತ್ತಿಲ್ಲ, ಅಥವಾ ಮಳೆಗಾಲವಿಡೀ ಮೂಲೆಯಲ್ಲಿದ್ದು ಪಂಪು ಹಿಡಿದುಕೊಂಡಿದೆ. ಮೊದಲ ಎರಡು ಸಣ್ಣ ಖರ್ಚಿನ ಮಾತು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಕರೆಂಟು ಹಿಡಿದಿಟ್ಟುಕೊಂಡಿರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಕಿರುಚುವ ಸದ್ದಿನ ಚಿಕ್ಕ ಮೆಷಿನ್ ಆಗಿದ್ದು ಒಳಗೆ ಕಿಡಿ ಹೆಚ್ಚಾಗಿ ಕಂಡರೆ ಮೋಟರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆದಿದೆ, ಜೋಡಿ ಬದಲಿಸಿದರೆ ಆಯಿತು.

ಬದಲಿಸಲೇಬೇಕಾದ ಸಂದರ್ಭಗಳು ಬೇರೆ. ಪಂಪಿನ ತಲೆ ಸೀಳಿದೆ, ವೈಂಡಿಂಗ್ ಸುಟ್ಟ ವಾಸನೆ ಬರುತ್ತಿದೆ, ಬಿಡಿಭಾಗ ಎಲ್ಲೂ ಸಿಗುತ್ತಿಲ್ಲ, ಅಥವಾ ರಿಪೇರಿಗೆ ಹೇಳಿದ ಹಣ ಹೊಸದರ ಅರ್ಧ ದಾಟಿದೆ. ಮುಟ್ಟಿದರೆ ಜುಂ ಎನ್ನುವ ಮೆಷಿನನ್ನಂತೂ ಆ ಕ್ಷಣವೇ ಬದಿಗಿಡಿ, ಇನ್ನೊಂದು ಕಾರು ಮುಗಿಸಿಬಿಡೋಣ ಎಂಬ ಆಸೆ ಬೇಡ.

ಬದಲಿಸುವುದೇ ಸರಿ ಎಂದಾದರೆ ಹಳೆಯದು ಯಾವುದರಿಂದ ಸತ್ತಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆ ಕಾರಣ ನಿಮ್ಮ ಅಂಗಳದಲ್ಲೇ ಉಳಿದಿದೆ, ಹೊಸದನ್ನೂ ಕಾಯುತ್ತಿದೆ.

ಹಂತ 2: ವಾರದ ಕೆಲಸವನ್ನು ನಿಮಿಷಗಳಲ್ಲಿ ಬರೆಯಿರಿ

ಕಾರೊಂದಕ್ಕೆ ಎರಡು ತಾಸು ಹಿಡಿದರೂ ಟ್ರಿಗರ್ ಒತ್ತುವುದು ಸ್ವಲ್ಪ ಹೊತ್ತು ಮಾತ್ರ. ಮೊದಲ ತೊಳೆತಕ್ಕೆ 3 ನಿಮಿಷ, ಫೋಮಿಗೆ 2, ಚಕ್ರ ಮತ್ತು ತಳಕ್ಕೆ 3, ಕೊನೆಯ ತೊಳೆತಕ್ಕೆ 4. ಒಟ್ಟು 12 ನಿಮಿಷ. ವಾರಕ್ಕೆ 8 ಕಾರು, ಮಳೆಗಾಲದ ಬಿಡುವು ಕಳೆದು ವರ್ಷಕ್ಕೆ 40 ವಾರ ಎಂದಿಟ್ಟರೆ 3,840 ನಿಮಿಷ, ಅಂದರೆ 64 ತಾಸು.

ಈ 64 ತಾಸು ದೊಡ್ಡ ಸರ್ವಿಸ್ ಸ್ಟೇಷನ್ನಿನ ಲೆಕ್ಕವಲ್ಲ, ಆದ್ದರಿಂದ ತ್ರೀ ಫೇಸ್ ಮೆಷಿನ್ ಬೇಕಾಗಿಲ್ಲ. ಆದರೆ ತಿಂಗಳಿಗೊಮ್ಮೆ ಸ್ವಂತ ಕಾರು ತೊಳೆಯುವವರಿಗಾಗಿ ಮಾಡಿದ ಚಿಕ್ಕ ಮೆಷಿನ್ನಿಗೆ ಇದು ಬಹಳ ಹೆಚ್ಚು. ಕೆಂಪು ರಸ್ತೆಯಿಂದ ಬರುವ ಪಿಕಪ್, ಬೊಲೆರೊ ಜಾಸ್ತಿ ಇದ್ದರೆ ಚಕ್ರದ ಗೂಡಿಗೆಂದು ಬರೆದ ನಿಮಿಷವನ್ನು ಎರಡು ಪಟ್ಟು ಮಾಡಿ.

ಇನ್ನೊಂದು ಪ್ರಶ್ನೆಗೂ ಇಲ್ಲೇ ಉತ್ತರ ಬರೆಯಿರಿ: ಮೆಷಿನ್ ಮನೆಯಲ್ಲೇ ಇರುತ್ತದೆಯೋ, ಗಿರಾಕಿಯ ಮನೆಗೆ ಹೋಗುತ್ತದೆಯೋ? ಚಿಕ್ಕವು 6ರಿಂದ 9 ಕಿಲೋ, ಗಟ್ಟಿ ಇಂಡಕ್ಷನ್ ಮೆಷಿನ್ 20 ಕಿಲೋ ದಾಟುತ್ತದೆ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಒಯ್ಯುವವರು ಮತ್ತು ಓಮ್ನಿಯಲ್ಲಿ ಒಯ್ಯುವವರು ಒಂದೇ ಮೆಷಿನ್ ಕೊಳ್ಳಲಾಗುವುದಿಲ್ಲ.

ಹಂತ 3: ನೀರು ಅಳೆಯಿರಿ

ಪಂಪಿಗೆ ಬೇಕಾದಷ್ಟು ನೀರು ಸಿಗದಿದ್ದರೆ ಅದು ಗಾಳಿ ಎಳೆಯುತ್ತದೆ. ಒಳಗೆ ಹುಟ್ಟಿದ ಗುಳ್ಳೆಗಳು ಒಡೆದು ವಾಲ್ವ್ ಮತ್ತು ಸೀಲನ್ನು ತಿನ್ನುತ್ತವೆ. ಡಬ್ಬದಲ್ಲಿ ಜಲ್ಲಿಕಲ್ಲು ಅಲುಗಾಡಿಸಿದಂಥ ಸದ್ದು ಕೇಳಿದರೆ ಅದೇ ಗುರುತು. ವಾರಂಟಿ ಇದಕ್ಕೆ ಉತ್ತರ ಕೊಡುವುದಿಲ್ಲ.

ಮೆಷಿನ್ ಇಡುವ ಜಾಗದವರೆಗೆ ಪೈಪು ಎಳೆದು, ಅದರ ತುದಿಯಲ್ಲಿ ಬಕೆಟ್ ಇಟ್ಟು ಸಮಯ ನೋಡಿ. ನಲ್ಲಿಯ ಬುಡದಲ್ಲಿ ಅಳೆದರೆ ಉಪಯೋಗವಿಲ್ಲ. 20 ಲೀಟರ್ 120 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 10 ಲೀಟರ್ ಬರುತ್ತಿದೆ. ನಿಮಿಷಕ್ಕೆ 8 ಲೀಟರ್ ಎಳೆಯುವ ಮೆಷಿನ್ನಿಗೆ ಸಾಕು. 150 ಸೆಕೆಂಡ್ ಆದರೆ ಸರಿಯಾಗಿ 8 ಲೀಟರ್, ಅಂಚಿನಲ್ಲಿದ್ದೀರಿ. ಮನೆಯ ಒಳಗೆ ಯಾರೋ ಇನ್ನೊಂದು ನಲ್ಲಿ ತಿರುಗಿಸಿದ ಕೂಡಲೇ ಪಂಪು ಒಣಗುತ್ತದೆ. ಪಂಪು ಎಳೆಯುವುದಕ್ಕಿಂತ ಐದನೇ ಒಂದಂಶ ಹೆಚ್ಚು ನೀರು ಬರಲೇಬೇಕು ಎಂದಿಟ್ಟುಕೊಳ್ಳಿ.

ಬಾರದಿದ್ದರೆ ಸಣ್ಣ ಮೆಷಿನ್ ಕೊಳ್ಳಬೇಕೆಂದೇನೂ ಇಲ್ಲ. 200 ಲೀಟರಿನ ನೀಲಿ ಡ್ರಮ್ ಇಟ್ಟು, ಅದರ ಬುಡಕ್ಕೆ ಒಂದು ನಲ್ಲಿ ಕೂರಿಸಿ, ನಾಲ್ಕು ಚಿರೆಕಲ್ಲಿನ ಕಟ್ಟೆಯ ಮೇಲೆ ಏರಿಸಿ. ನೀರು ತಾನಾಗಿ ಇಳಿದು ಪಂಪಿಗೆ ಬರಲಿ. ನೆಲದ ಮೇಲಿಟ್ಟ ಬಕೆಟ್ಟಿನಿಂದ ಮೇಲಕ್ಕೆ ಎಳೆಸುವುದು ಪಂಪಿಗೆ ಕಷ್ಟದ ಕೆಲಸ. ಎಳೆಸಲೇಬೇಕಾದರೆ ಎತ್ತರ ಅರ್ಧ ಮೀಟರಿನೊಳಗಿರಲಿ, ಪೈಪು 2 ಮೀಟರ್ ಮೀರದಿರಲಿ, ಒಳಗೆ ಸುರುಳಿ ತಂತಿ ಇರುವ ಗಟ್ಟಿ ಪೈಪೇ ಆಗಲಿ. ತೋಟಕ್ಕೆ ನೀರು ಬಿಡುವ ಮೆತ್ತನೆಯ ಪೈಪು ಎಳೆತಕ್ಕೆ ಚಪ್ಪಟೆಯಾಗುತ್ತದೆ, ಹೊರಗಿನಿಂದ ಅದು ಗೊತ್ತೂ ಆಗುವುದಿಲ್ಲ.

ಅಳತೆಯ ನಂತರ ಗುಣ. ಬಿಳಿ ಬಕೆಟ್ಟಿನಲ್ಲಿ ನೀರು ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತಳದಲ್ಲಿ ಮಣ್ಣು ಕೂತಿದ್ದರೆ ಮೆಷಿನ್ನಿನ ಮುಂದೆ ಪಾರದರ್ಶಕ ಡಬ್ಬಿಯ ಜಾಲರಿ ಫಿಲ್ಟರ್ ಬೇಕು; ಒಳಗೆ ಕಟ್ಟಿದ ಕೆಸರು ಕಣ್ಣಿಗೆ ಕಾಣುವಂತಿದ್ದರೆ ತೊಳೆಯುವ ನೆನಪೂ ಆಗುತ್ತದೆ. ನೀರೇ ಕಂದು ಬಣ್ಣಕ್ಕೆ ತಿರುಗಿ ಮೇಲೆ ಎಣ್ಣೆಯಂಥ ಪದರ ಬಂದರೆ ಕಬ್ಬಿಣದಂಶ ಹೆಚ್ಚಿದೆ. ಅಂಥ ನೀರು ಕಾರಿನ ಮೇಲೆ ಒಣಗಿದರೆ, ಅದರಲ್ಲೂ ಬಿಳಿ ಕಾರಿನ ಮೇಲೆ, ಕಲೆ ಬಿಡುತ್ತದೆ.

ಕರಾವಳಿಯವರು ಟಿಡಿಎಸ್ ನೋಡಬೇಕಾದ್ದು ಮೇ ತಿಂಗಳಲ್ಲಿ. ಡಿಸೆಂಬರಿನಲ್ಲಿ ಸಿಹಿಯಿದ್ದ ಬಾವಿ, ನೀರು ಇಳಿದಂತೆ ಉಪ್ಪು ಎಳೆದುಕೊಳ್ಳುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಒಪ್ಪಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಕಾರು ತೊಳೆಯಲಿಕ್ಕೂ ಅದನ್ನೇ ಗೆರೆಯಾಗಿ ಇಟ್ಟುಕೊಳ್ಳಬಹುದು. ಅದನ್ನು ಮೀರಿದರೆ ಬಿಸಿಲಲ್ಲಿ ಒಣಗಿದ ಪ್ರತಿ ಹನಿಯೂ ಬಿಳಿ ಬಳೆಯಾಗುತ್ತದೆ. ಮೀಟರ್ ನೋಡುವ ಮೊದಲೇ ನಾಲಿಗೆಗೆ ಉಪ್ಪು ತಿಳಿಯುವಂತಿದ್ದರೆ ಆ ನೀರನ್ನು ಅಲ್ಯೂಮಿನಿಯಂ ತಲೆಯ ಪಂಪಿಗೆ ಹಾಕಲೇಬೇಡಿ. ಹಿತ್ತಾಳೆ ತಲೆ ತಡೆದುಕೊಳ್ಳುತ್ತದೆ, ಆದರೂ ದಿನದ ಕೆಲಸ ಮುಗಿದ ಮೇಲೆ ಎರಡು ನಿಮಿಷ ಸಿಹಿನೀರು ಓಡಿಸಬೇಕು.

ಸಣ್ಣದೊಂದು ಮಾತು: ಮನೆಬಳಕೆಯ ಹಲವು ಮೆಷಿನ್‌ಗಳು 40 ಡಿಗ್ರಿಗಿಂತ ಬಿಸಿಯಾದ ನೀರನ್ನು ತಡೆಯುವುದಿಲ್ಲ. ಏಪ್ರಿಲ್ ಬಿಸಿಲಿಗೆ ಬಿದ್ದ ಕಪ್ಪು ಪೈಪಿನೊಳಗಿನ ನೀರು ಕೈ ಸುಡುವಷ್ಟಾಗಿರುತ್ತದೆ. ಮೊದಲು ಅದನ್ನು ಹೊರಗೆ ಬಿಟ್ಟು ಆಮೇಲೆ ಜೋಡಿಸಿ.

ಹಂತ 4: ಕರೆಂಟು ನೋಡಿ

ನೀವು ಕೆಲಸ ಮಾಡುವ ಹೊತ್ತಿನಲ್ಲೇ, ಮೆಷಿನ್ ಚುಚ್ಚುವ ಪ್ಲಗ್ಗಿನಲ್ಲೇ ವೋಲ್ಟೇಜ್ ಅಳೆಯಿರಿ. ಬರೀ ಅಳೆದರೆ 225 ತೋರಿಸಿ ಮೋಸ ಮಾಡುತ್ತದೆ. 2 ಕಿಲೋವ್ಯಾಟಿನ ಗೀಸರ್ ಅಥವಾ ನೀರು ಕಾಯಿಸುವ ಕಾಯಿಲ್ ಹಾಕಿ, ಅದು ಓಡುತ್ತಿರುವಾಗ ಮತ್ತೊಮ್ಮೆ ಅಳೆಯಿರಿ. ಪ್ರೆಶರ್ ವಾಷರ್ ಎಳೆಯುವ ಕರೆಂಟೂ ಹೆಚ್ಚುಕಡಿಮೆ ಅಷ್ಟೇ. ಆಗ 207ಕ್ಕಿಂತ ಕೆಳಗಿಳಿದರೆ ಎಚ್ಚರ ಬೇಕು. ಅದು 230ರಲ್ಲಿ ನೂರಕ್ಕೆ 10 ಕಡಿಮೆ.

ಇಂಡಕ್ಷನ್ ಮೋಟರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 190 ವೋಲ್ಟಿನಲ್ಲಿ ಅದಕ್ಕೆ ಉಳಿಯುವುದು ಮೂರನೇ ಎರಡು ಪಾಲು ಬಲ. ಘಟ್ಟದ ಮೇಲಿನ ಒಂಟಿ ಮನೆಗಳಲ್ಲಿ, ಟ್ರಾನ್ಸ್‌ಫಾರ್ಮರಿನಿಂದ ದೂರದ ಕೊನೆಯ ಕಂಬದಲ್ಲಿ, ಹೊಸ ಮೆಷಿನ್ ಸಂಜೆ ಹೊತ್ತು ಹೂಂ ಎಂದು ನಿಂತುಬಿಡುವುದು ಇದರಿಂದ. ಬೆಳಿಗ್ಗೆ ಕೆಲಸ ಇಟ್ಟುಕೊಳ್ಳಿ, ಸ್ವಿಚ್ ಹಾಕುವಾಗ ಟ್ರಿಗರ್ ಒತ್ತಿ ಹಿಡಿದು ಪಂಪಿನ ಭಾರ ಇಳಿಸಿ. ಎರಡರಿಂದಲೂ ಆಗದಿದ್ದರೆ ಹೆಸ್ಕಾಂ ಶಾಖೆಗೆ ಅರ್ಜಿ ಕೊಡುವುದು ಮೆಷಿನ್ ಬದಲಿಸುವುದಕ್ಕಿಂತ ಮೊದಲಿನ ಕೆಲಸ. ಅಲ್ಲಿಗೆ ಹೋದಾಗಲೇ ಮಂಜೂರಾದ ಲೋಡ್ ಎಷ್ಟಿದೆ, ಮನೆಯ ಮೀಟರಿನಲ್ಲಿ ಈ ವ್ಯಾಪಾರ ನಡೆಸಬಹುದೇ ಎಂದೂ ಕೇಳಿಕೊಳ್ಳಿ.

ವೈರ್ ವಿಷಯದಲ್ಲಿ ಜಿಪುಣತನ ಬೇಡ. 1.8 ಕಿಲೋವ್ಯಾಟ್ ಮೆಷಿನ್ ಓಡುವಾಗ 8ರಿಂದ 9 ಆಂಪಿಯರ್ ಎಳೆದರೆ, ಶುರುವಾಗುವ ಕ್ಷಣಕ್ಕೆ ಅದರ ನಾಲ್ಕೈದು ಪಟ್ಟು ಎಳೆಯುತ್ತದೆ. 20 ಮೀಟರಿನ 1 ಚದರ ಮಿಲಿಮೀಟರ್ ವೈರಿನಲ್ಲಿ 40 ಆಂಪಿಯರ್ ಹರಿದರೆ 30 ವೋಲ್ಟಿನಷ್ಟು ವೈರಿನಲ್ಲೇ ಕರಗಿಹೋಗುತ್ತದೆ. ಅದೇ ಉದ್ದದ 2.5 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 13 ವೋಲ್ಟ್ ಅಷ್ಟೇ. ಸುತ್ತಿದ ರೀಲ್ ಬಿಸಿಯಾಗಿ ಅಂಟಿಕೊಳ್ಳುತ್ತದೆ, ಪೂರ್ತಿ ಬಿಚ್ಚಿ ಹಾಸಿ. ಇನ್ನೂ ಒಳ್ಳೆಯದೆಂದರೆ ವೈರ್ ಗಿಡ್ಡ ಇಟ್ಟು ಒತ್ತಡದ ಪೈಪನ್ನೇ 15 ಮೀಟರ್ ಮಾಡಿಕೊಳ್ಳುವುದು. ಕರೆಂಟು ನೀರಿನಿಂದ ಅಷ್ಟು ದೂರ ಉಳಿಯುತ್ತದೆ.

16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್, ಕರೆಂಟು ಸೋರಿದರೆ ತಾನಾಗಿ ಆರಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಈ ಮೂರೂ ಇಲ್ಲದೆ ಒದ್ದೆ ಅಂಗಳದಲ್ಲಿ ಈ ಕೆಲಸ ಮಾಡಬಾರದು. ಗಿರಾಕಿಯ ಮನೆಗೆ ಹೋಗುವವರು ಆರ್‌ಸಿಸಿಬಿ ಕೂರಿಸಿದ ಚಿಕ್ಕ ಪೆಟ್ಟಿಗೆಯನ್ನು ಜೊತೆಗೇ ಒಯ್ಯಿರಿ. ದೊಡ್ಡ ಪಿನ್ನು ಸಾಕೆಟ್ಟಿಗೆ ಹೋಗುವುದಿಲ್ಲವೆಂದು ಅರ್ಥಿಂಗ್ ಪಿನ್ ಕತ್ತರಿಸಿದ ಪ್ಲಗ್‌ಗಳನ್ನು ಕಂಡಾಗ ಭಯವಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಯ ಇನ್ವರ್ಟರಿನಿಂದ ಓಡಿಸುವ ಯೋಚನೆಯನ್ನೂ ಬಿಡಿ, ಶುರುವಿನ ಎಳೆತವನ್ನು ಅದು ತಡೆಯುವುದಿಲ್ಲ.

ಹಂತ 5: ಡಬ್ಬಿಯ ಅಂಕಿಗಳನ್ನು ಭಾಗಿಸಿ ನೋಡಿ

ಈಗ ಮೆಷಿನ್. ಪಿಎಸ್‌ಐ ಬರೆದಿದ್ದರೆ 14.5ರಿಂದ ಭಾಗಿಸಿ, ಬಾರ್ ಸಿಗುತ್ತದೆ. ಗಂಟೆಗೆ ಇಷ್ಟು ಲೀಟರ್ ಎಂದಿದ್ದರೆ 60ರಿಂದ ಭಾಗಿಸಿ. ನಂತರ ಈ ಒಂದು ಲೆಕ್ಕ ಮಾಡಿ: ಬಾರ್ ಗುಣಿಸು ನಿಮಿಷದ ಲೀಟರ್, ಭಾಗಿಸು 600. ಬಂದ ಉತ್ತರ, ನೀರನ್ನು ತಳ್ಳಲು ಬೇಕಾದ ಕಿಲೋವ್ಯಾಟ್.

ಡಬ್ಬಿಯ ಮೇಲೆ 220 ಬಾರ್, 10 ಲೀಟರ್, 1800 ವ್ಯಾಟ್ ಎಂದಿದೆ ಎನ್ನಿ. 220ನ್ನು 10ರಿಂದ ಗುಣಿಸಿ 600ರಿಂದ ಭಾಗಿಸಿದರೆ 3.67 ಕಿಲೋವ್ಯಾಟ್. 1.8 ಕಿಲೋವ್ಯಾಟಿನ ಮೋಟರ್ ಅದರ ಎರಡು ಪಟ್ಟು ಕೊಡುವುದು ಅಸಾಧ್ಯ. ಇನ್ನೊಂದರ ಮೇಲೆ 100 ಬಾರ್, 8 ಲೀಟರ್, 1900 ವ್ಯಾಟ್ ಇದೆ. ಉತ್ತರ 1.33, ಮೋಟರಿನ ನೂರಕ್ಕೆ 70. ಇದು ನಂಬಬಹುದಾದ ಮೆಷಿನ್. ಉತ್ತರ ಮೋಟರಿನ ನೂರಕ್ಕೆ 60ರಿಂದ 75ರೊಳಗೆ ಬಂದರೆ ಅಂಕಿಗಳು ಪ್ರಾಮಾಣಿಕ, 85 ದಾಟಿದರೆ ಕೆಳಗಿಟ್ಟು ಮುಂದೆ ಹೋಗಿ.

ದೊಡ್ಡ ಅಕ್ಷರದಲ್ಲಿ ಬರೆಯುವುದು ಗರಿಷ್ಠ ಒತ್ತಡವನ್ನು. ನಾಜಲ್ ತೆಗೆದರೆ ಸಿಗುವ ಲೀಟರ್ ಬೇರೆ, ಟ್ರಿಗರ್ ಮುಚ್ಚಿದಾಗ ಏರುವ ಬಾರ್ ಬೇರೆ, ಎರಡೂ ಒಟ್ಟಿಗೆ ಸಿಗುವುದಿಲ್ಲ. ಕೆಲಸದ ಒತ್ತಡ ಎಷ್ಟು ಎಂದು ಮೆಷಿನ್ನಿನ ಬೆನ್ನಿಗೆ ಅಂಟಿಸಿದ ಪಟ್ಟಿಯಲ್ಲಿ ಓದಿ.

ಕಾರಿಗೆ ಬೇಕಾದ್ದು ಕೆಲಸದ ಒತ್ತಡ 80ರಿಂದ 110 ಬಾರ್. ಅದಕ್ಕಿಂತ ಹೆಚ್ಚಿದ್ದರೆ ಮರುಪೇಂಟ್ ಮಾಡಿದ ಬಂಪರ್, ಸ್ಟಿಕರಿನ ಅಂಚು, ಬಾಗಿಲಿನ ರಬ್ಬರ್ ಏಳುತ್ತವೆ. ಹೆಚ್ಚಿನ ಹಣವನ್ನು ಬಾರ್ ಮೇಲೆ ಸುರಿಯದೆ ಲೀಟರ್ ಮೇಲೆ ಹಾಕಿ. ಕೆಸರನ್ನು ಬಿಡಿಸಲು ಒತ್ತಡ ಬೇಕು, ಬಿಟ್ಟ ಕೆಸರನ್ನು ಚಕ್ರದ ಗೂಡಿನಿಂದ ಹೊರಗೆ ಸಾಗಿಸುವುದು ನೀರಿನ ಪ್ರಮಾಣ. ಕಡಲತೀರದ ಮರಳಿಗೆ ಇಳಿದು ಬಂದ ಕಾರಿನ ತಳದಲ್ಲಿ ಉಪ್ಪು ಉಳಿಯದಂತೆ ತೊಳೆಯುವಾಗಲೂ ಇದೇ ಮಾತು. ನಿಮಿಷಕ್ಕೆ 8 ಲೀಟರ್ ಆಸುಪಾಸು ಇದ್ದರೆ ಫೋಮ್ ಕೂಡ ದಪ್ಪವಾಗಿ ನಿಲ್ಲುತ್ತದೆ. 6ಕ್ಕಿಂತ ಕೆಳಗೆ ಅದು ಹಾಲಿನ ನೊರೆಯಂತೆ ಜಾರಿಹೋಗುತ್ತದೆ.

ಹಂತ 6: ಮೋಟರ್ ಮತ್ತು ಪಂಪು

ಕಾರ್ಬನ್ ಇರುವ ಯೂನಿವರ್ಸಲ್ ಮೋಟರ್ ಹಗುರ, ಅಗ್ಗ, ಸದ್ದು ಬಹಳ. 15, 20 ನಿಮಿಷ ಓಡಿಸಿ ಬಿಡುವು ಕೊಡುತ್ತಿರಬೇಕು. ಇಂಡಕ್ಷನ್ ಮೋಟರ್ ನಿಮಿಷಕ್ಕೆ 2,800 ಅಥವಾ 1,400 ಸುತ್ತಿನಲ್ಲಿ ಸಾವಧಾನವಾಗಿ ಓಡುತ್ತದೆ, ಉಜ್ಜುವ ಕಾರ್ಬನ್ ಇಲ್ಲ, ವರ್ಷಕ್ಕೆ 64 ತಾಸು ಅದಕ್ಕೆ ಭಾರವಲ್ಲ. ಮನೆಯಲ್ಲೇ ಕೆಲಸ ಮಾಡುವವರಿಗೆ ಇಂಡಕ್ಷನ್ ಬಿಟ್ಟು ಬೇರೆ ಸಲಹೆ ಇಲ್ಲ. ಸ್ಕೂಟರಿನಲ್ಲಿ ಒಯ್ಯುವವರಿಗೆ ಮಾತ್ರ ಯೂನಿವರ್ಸಲ್, ಅದೂ ಒಂದು ಜೋಡಿ ಕಾರ್ಬನ್ ಕೈಯಲ್ಲಿಟ್ಟುಕೊಂಡು. ವೈಂಡಿಂಗ್ ತಾಮ್ರದ್ದೇ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಪಂಪಿನಲ್ಲಿ ಎರಡು ಜಾತಿ. ಓರೆ ತಟ್ಟೆ ತಿರುಗಿ ಪಿಸ್ಟನ್ ತಳ್ಳುವುದು ಚಿಕ್ಕ ಮೆಷಿನ್‌ಗಳಲ್ಲಿ ಇರುವಂಥದ್ದು. ತಲೆ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್, ಹಲವನ್ನು ಬಿಚ್ಚಿ ರಿಪೇರಿ ಮಾಡಲು ಬರುವುದೇ ಇಲ್ಲ. ಕ್ರ್ಯಾಂಕ್ ಇರುವ, ಸಿರಾಮಿಕ್ ಪ್ಲಂಜರಿನ, ಹಿತ್ತಾಳೆ ತಲೆಯ ಪಂಪು ಭಾರ, ಬೆಲೆಯೂ ಹೆಚ್ಚು. ಆದರೆ ಅದರ ಸೀಲ್, ವಾಲ್ವ್, ಎಣ್ಣೆ ಎಲ್ಲವನ್ನೂ ಬದಲಿಸಬಹುದು. ಅಡಿಕೆ ತೋಟದ ಊರುಗಳಿಗೆ ಒಂದು ಅನುಕೂಲ ಇದೆ: ಮದ್ದು ಹೊಡೆಯುವ ಎಚ್‌ಟಿಪಿ ಪಂಪು ರಿಪೇರಿ ಮಾಡುವ ಮೆಕ್ಯಾನಿಕ್‌ಗಳು ಶಿರಸಿ, ಸಿದ್ದಾಪುರದಲ್ಲಿ ಸಿಗುತ್ತಾರೆ. ಕ್ರ್ಯಾಂಕ್, ಪ್ಲಂಜರ್, ಸೀಲ್ ಅವರಿಗೆ ಕೈಗೂಡಿದ ವಿದ್ಯೆ. ನಿಮ್ಮ ಊರಲ್ಲೇ ಬಿಚ್ಚಿ ಜೋಡಿಸಬಲ್ಲವರಿರುವ ಪಂಪು, ಹುಬ್ಬಳ್ಳಿಗೋ ಮಂಗಳೂರಿಗೋ ಕಳಿಸಿ ತಿಂಗಳು ಕಾಯಬೇಕಾದ ಪಂಪಿಗಿಂತ ಯಾವತ್ತೂ ಮೇಲು.

ಹಾಗಾದರೆ ಮನೆಯಲ್ಲಿರುವ ಮದ್ದು ಹೊಡೆಯುವ ಪಂಪಿನಲ್ಲೇ ಕಾರು ತೊಳೆದರೇನು ಎಂದು ಕೇಳುವವರಿದ್ದಾರೆ. ಅದು 20ರಿಂದ 40 ಬಾರಿನಲ್ಲಿ ಕೆಲಸ ಮಾಡುವಂಥದ್ದು, ನೀರು ಎಳೆಯುವುದೋ ನಿಮಿಷಕ್ಕೆ 20 ಲೀಟರ್ ಮೀರಿ. ಟ್ರ್ಯಾಕ್ಟರ್ ತೊಳೆಯಲು ಸರಿ. ಅದರ ಪೈಪು, ಡ್ರಮ್ಮಿನಲ್ಲಿ ಉಳಿದ ಬೋರ್ಡೋ ದ್ರಾವಣದ ಸುಣ್ಣ ಮತ್ತು ಮೈಲುತುತ್ತ ಪೇಂಟಿನ ಮೇಲೆ ಕಲೆಯಾಗಿ ಕೂರುತ್ತವೆ. ತಿರುಗಿಸಿ ಮಾಡುವುದು ಇನ್ನೂ ಕೆಟ್ಟದ್ದು: ಪ್ರೆಶರ್ ವಾಷರಿನಲ್ಲಿ ಮದ್ದು ಹೊಡೆದರೆ ತಾಮ್ರದ ಅಂಶ ಅಲ್ಯೂಮಿನಿಯಂ ತಲೆಯನ್ನು ಕೊರೆಯುತ್ತದೆ.

ಟ್ರಿಗರ್ ಬಿಟ್ಟ ಕೂಡಲೇ ಮೋಟರ್ ನಿಲ್ಲುವ ಆಟೋ ಸ್ಟಾಪ್ ಒಳ್ಳೆಯ ಅನುಕೂಲ, ಆದರೆ ಅದರ ಪುಟ್ಟ ಸ್ವಿಚ್ ಉಪ್ಪು ಗಾಳಿಗೆ ತುಕ್ಕು ಹಿಡಿಯುತ್ತದೆ. ಆಟೋ ಸ್ಟಾಪ್ ಇಲ್ಲದ ಬೈಪಾಸ್ ಮೆಷಿನ್ನಿನಲ್ಲಿ ಟ್ರಿಗರ್ ಬಿಟ್ಟಾಗ ಅದೇ ನೀರು ಒಳಗೇ ಸುತ್ತಿ ಕಾಯುತ್ತದೆ. ಎರಡು ನಿಮಿಷಕ್ಕಿಂತ ಹೆಚ್ಚು ಹಾಗೆ ಬಿಡಬಾರದು, ಸೀಲ್ ಬೇಯುತ್ತದೆ. ಗಿರಾಕಿಯ ಫೋನ್ ಬಂದರೆ ಮೊದಲು ಸ್ವಿಚ್ ಆರಿಸಿ, ಆಮೇಲೆ ಮಾತಾಡಿ.

ಹಂತ 7: ಪೈಪು, ಗನ್ನು, ನಾಜಲ್

ಕೈಯಲ್ಲಿರುವ ಹಣದ ಕಾಲುಭಾಗವನ್ನು ಇವಕ್ಕೆಂದೇ ತೆಗೆದಿಡಿ. ಮೆಷಿನ್ನಿನ ಜೊತೆ ಬರುವ ಗಡುಸು ಪ್ಲಾಸ್ಟಿಕ್ ಪೈಪು ಮಡಿಕೆ ಬಿದ್ದಲ್ಲೇ ಸೀಳುತ್ತದೆ. ಕರಾವಳಿಯಲ್ಲಿ ಕಬ್ಬಿಣದ ಮೇಲೆ ಸತು ಲೇಪಿಸಿದ ಕಪ್ಲಿಂಗ್ ಬೇಡ, ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಕೇಳಿ.

ಪೈಪು, ಗನ್ನು ಜೋಡಿಸುವ ತಿರುಪಿನ ಬಾಯಿಯಲ್ಲಿ ಎಂ22 ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆ ಇವೆ: ಒಳಗಿನ ಕೊಳವೆ 14 ಮಿಲಿಮೀಟರ್ ಇರುವುದು, 15 ಇರುವುದು. ಥ್ರೆಡ್ ಎರಡಕ್ಕೂ ಕೂಡುತ್ತದೆ. 15ರ ಬಾಯಿಗೆ 14 ಹಾಕಿದರೆ ಸೋರುತ್ತದೆ, 14ರ ಬಾಯಿಗೆ 15 ಹೋಗುವುದೇ ಇಲ್ಲ. ಹಳೆಯ ಗನ್ನನ್ನು ಹೊಸ ಮೆಷಿನ್ನಿಗೆ ಉಳಿಸಿಕೊಳ್ಳುವ ಯೋಚನೆ ಇದ್ದರೆ ವರ್ನಿಯರ್ ಹಿಡಿದು ಅಳೆದುಕೊಂಡೇ ಅಂಗಡಿಗೆ ಹೋಗಿ. ಕಾರ್ಚರ್, ಬಾಷ್‌ನ ಮನೆಬಳಕೆ ಮೆಷಿನ್‌ಗಳಲ್ಲಿ ಗನ್ನಿನ ಬಾಯಿ ಅವರವರದೇ ಮಾದರಿ; ಫೋಮ್ ಲ್ಯಾನ್ಸಿಗೆ (ನೊರೆ ಎರಚುವ ಬಾಟಲಿ) ಆಯಾ ಕಂಪನಿಯ ಅಡಾಪ್ಟರ್ ಬೇಕು.

ನಾಜಲ್ ಬಣ್ಣದಲ್ಲಿ ಹಸಿರು 25 ಡಿಗ್ರಿ, ಬಿಳಿ 40 ಡಿಗ್ರಿ. ಕಾರಿಗೆ ಈ ಎರಡೇ ಸಾಕು. ಕೆಂಪು ಸೊನ್ನೆ ಡಿಗ್ರಿಯದು, ಡಬ್ಬಿಯಿಂದ ತೆಗೆದು ಬೇರೆಯೇ ಇಡಿ. ಬಣ್ಣ ಕೋನವನ್ನು ಮಾತ್ರ ಹೇಳುತ್ತದೆ, ತೂತಿನ ಗಾತ್ರಕ್ಕೆ ಬೇರೆ ಸಂಖ್ಯೆ ಇದೆ. 8 ಲೀಟರ್, 100 ಬಾರಿನ ಮೆಷಿನ್ನಿಗೆ 3.5ರ ನಾಜಲ್ ಹೊಂದುತ್ತದೆ. 6 ಲೀಟರ್, 90 ಬಾರಿಗೆ 2.5 ಅಥವಾ 3.0. ಚಿಕ್ಕದು ಹಾಕಿದರೆ ನೀರು ಬಡಿದು ಬಡಿದು ಬರುತ್ತದೆ, ಪಂಪು ಕಾಯುತ್ತದೆ. ದೊಡ್ಡದಾದರೆ ಜೋರೇ ಇರುವುದಿಲ್ಲ. ಫೋಮ್ ಲ್ಯಾನ್ಸಿನ ಒಳಗಿನ ತೂತು 7 ಲೀಟರಿಗಿಂತ ಕಡಿಮೆಯ ಮೆಷಿನ್ನಿಗೆ 1.1 ಮಿಲಿಮೀಟರ್, ಹೆಚ್ಚಿನದಕ್ಕೆ 1.25.

ಹಂತ 8: ಅಂಗಡಿಯಲ್ಲಿ ಓಡಿಸಿ ನೋಡಿ

ಓಡಿಸಿ ತೋರಿಸದ ಅಂಗಡಿಯಲ್ಲಿ ಕೊಳ್ಳಬೇಡಿ. ನಾಜಲ್ ಹಾಕಿದ ಗನ್ನಿನಿಂದಲೇ 20 ಲೀಟರ್ ಬಕೆಟ್ ತುಂಬಿಸಿ. 8 ಲೀಟರ್ ಎಂದು ಹೇಳಿದ ಮೆಷಿನ್ 150 ಸೆಕೆಂಡಿನ ಆಚೀಚೆ ತುಂಬಿಸಬೇಕು. 200 ಸೆಕೆಂಡ್ ಹಿಡಿದರೆ ಕೊಡುತ್ತಿರುವುದು 6 ಲೀಟರ್. ನಂತರ ಟ್ರಿಗರ್ ಹತ್ತು ಸಲ ಒತ್ತಿ ಬಿಡಿ, ಪ್ರತಿ ಸಲವೂ ತಡವರಿಸದೆ ಎದ್ದೇಳಬೇಕು. ಕೊನೆಗೆ ಟ್ರಿಗರ್ ಬಿಟ್ಟು ಎರಡು ನಿಮಿಷ ಸುಮ್ಮನೆ ನಿಲ್ಲಿ. ಆಟೋ ಸ್ಟಾಪ್ ಮೆಷಿನ್ ತಾನಾಗಿ ಮತ್ತೆ ಮತ್ತೆ ಎದ್ದರೆ ಎಲ್ಲೋ ಒತ್ತಡ ಸೋರುತ್ತಿದೆ.

ವಾರಂಟಿ ಚೀಟಿಯಲ್ಲಿ ವಾಣಿಜ್ಯ ಬಳಕೆಗೆ ಅನ್ವಯಿಸುವುದಿಲ್ಲ ಎಂಬ ಸಾಲು ಇದೆಯೇ ಓದಿ. ಮನೆಬಳಕೆಯ ಮೆಷಿನ್‌ಗಳಲ್ಲಿ ಇದು ಸಾಮಾನ್ಯ, ನೀವು ಹಣ ಪಡೆದು ತೊಳೆಯುವವರು. ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಇರಲಿ. ಸೀಲ್ ಕಿಟ್, ವಾಲ್ವ್ ಕಿಟ್, ಕೆಪಾಸಿಟರ್ ಇವೆಯೇ ಎಂದು ಕೇಳಿ, ಇವೆ ಎಂದರೆ ಒಂದೊಂದನ್ನು ಅದೇ ದಿನ ಕೊಂಡುಬಿಡಿ. ಎದುರಿಗೆ ತೆಗೆದು ತೋರಿಸಲಾಗದ ಬಿಡಿಭಾಗ ಬೇಕಾದಾಗಲೂ ಸಿಗುವುದಿಲ್ಲ.

ಹಂತ 9: ಮೊದಲ ದಿನದಿಂದ ಮೊದಲ ಮಳೆಗಾಲದವರೆಗೆ

ಮೊದಲು ನೀರು ಬಿಡಿ. ಸ್ವಿಚ್ ಹಾಕದೆ ಟ್ರಿಗರ್ ಒತ್ತಿ ಹಿಡಿದು ಗಾಳಿಯೆಲ್ಲ ಹೋಗಿ ಒಂದೇ ಧಾರೆಯಾಗುವವರೆಗೆ ಕಾಯಿರಿ, ಆಮೇಲೆ ಸ್ವಿಚ್. ಒಂದು ನಿಮಿಷದ ಒಣ ಓಟ ಹೊಸ ಸೀಲನ್ನು ಹಾಳು ಮಾಡಬಲ್ಲದು. ನಾಜಲ್ ಪೇಂಟಿನಿಂದ ಒಂದು ಅಡಿ ದೂರವಿರಲಿ, ಟಯರಿಗೂ ಅಷ್ಟೇ. ಹತ್ತಿರದ ಧಾರೆ ಟಯರಿನ ಪಕ್ಕೆಯನ್ನು ಒಳಗಿನಿಂದ ಕೆಡಿಸಿದರೂ ಹೊರಗೆ ಕಾಣುವುದಿಲ್ಲ.

ಕ್ರ್ಯಾಂಕ್ ಪಂಪಿನ ಎಣ್ಣೆಯನ್ನು ಮೊದಲ 50 ತಾಸಿಗೆ ಬದಲಿಸಿ, ಆಮೇಲೆ ಕೈಪಿಡಿ ಹೇಳಿದಂತೆ. ನಿಮ್ಮ 64 ತಾಸಿನ ಲೆಕ್ಕದಲ್ಲಿ ಅದು ಮೊದಲ ವರ್ಷದೊಳಗೇ ಬರುತ್ತದೆ. ಕಿಟಕಿಯಲ್ಲಿ ಕಾಣುವ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೀಲ್ ದಾಟಿ ನೀರು ಒಳಗೆ ಇಳಿದಿದೆ, ಇನ್ನೊಂದು ಕಾರಿಗೆ ಕಾಯದೆ ಬಿಚ್ಚಿಸಿ. ಪಂಪಿನಡಿ ಹನಿ ಬೀಳುವುದು, ಗನ್ನಿನಲ್ಲಿ ನಡುಕ, ಪ್ಲಗ್ ಮುಟ್ಟಿದರೆ ಬಿಸಿ, ಇವು ಮೂರೂ ಆ ದಿನವೇ ನೋಡಬೇಕಾದವು.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಗಿರಾಕಿ ಕಡಿಮೆ. ಮೆಷಿನ್ ಕೊಟ್ಟಿಗೆ ಮೂಲೆಗೆ ಹೋಗಿ, ದೀಪಾವಳಿ ಹೊತ್ತಿಗೆ ಹೂಂ ಎನ್ನುವುದು ಇದೇ ಬಿಡುವಿನಿಂದ. ಒಳಗಿನ ನೀರು ಬಸಿದು, ನೆಲದಿಂದ ಒಂದಡಿ ಎತ್ತರದ ಹಲಗೆಯ ಮೇಲಿಡಿ. ಪ್ಲಾಸ್ಟಿಕ್ ಹಾಳೆ ಸುತ್ತಿದರೆ ತೇವ ಒಳಗೇ ಉಳಿಯುತ್ತದೆ, ಹಳೆಯ ಹತ್ತಿ ಬಟ್ಟೆ ಹೊದೆಸಿದರೆ ಸಾಕು. ಹದಿನೈದು ದಿನಕ್ಕೊಮ್ಮೆ ಹೊರಗೆ ತಂದು, ನೀರು ಜೋಡಿಸಿ, ಎರಡು ನಿಮಿಷ ಓಡಿಸಿ ಮತ್ತೆ ಬಸಿದಿಡಿ.